ಕಾನೂನಿನ ಮೆಟ್ಟಿಲು ಹತ್ತಿ ಬಂದ ಸರ್ವಾಧಿಕಾರ

1931ರ ಮೇ 8ರಂದು ಬರ್ಲಿನ್ನಿನ ಮೊವಾಬಿಟ್ ಕ್ರಿಮಿನಲ್ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಬಂದವನು ಅಡಾಲ್ಫ್ ಹಿಟ್ಲರ್. ಅವನಿಗೆ ಸಮನ್ಸ್ ಕೊಡಿಸಿದ್ದು ಹಾನ್ಸ್ ಲಿಟ್ಟೆನ್ ಎಂಬ 27 ವರ್ಷದ ವಕೀಲ. ಹಿಂದಿನ ವರ್ಷದ ನವೆಂಬರಿನಲ್ಲಿ ಈಡನ್ ಎಂಬ ನೃತ್ಯಶಾಲೆಯಲ್ಲಿ ಎಡಪಂಥದ ಕಾರ್ಮಿಕರು ಸೇರಿದ್ದಾಗ ನಾತ್ಸಿ ಪಕ್ಷದ ಕಂದು ಅಂಗಿಯ ಪಡೆಯವರು ನುಗ್ಗಿ ಗುಂಡು ಹಾರಿಸಿದ್ದರು. ಗಾಯಗೊಂಡವರ ಪರ ಲಿಟ್ಟೆನ್ ನಿಂತಿದ್ದ. ಗುಂಡು ಹೊಡೆದವರು ತಮ್ಮಷ್ಟಕ್ಕೆ ತಾವು ಹೊಡೆದರೇ, ಇಲ್ಲ ಹಿಂಸೆಯೇ ಆ ಪಕ್ಷದ ಕಾರ್ಯಕ್ರಮವೇ ಎಂಬುದನ್ನು ನಾಯಕನ ಬಾಯಿಂದಲೇ ಹೊರಡಿಸಬೇಕೆಂದು ಅವನು ಹೊರಟಿದ್ದ.

ಅದಕ್ಕೂ ಕೆಲವು ತಿಂಗಳ ಹಿಂದೆ, 1930ರ ಸೆಪ್ಟೆಂಬರಿನಲ್ಲಿ, ಲೈಪ್ಜಿಗ್ ನಗರದ ಸರ್ವೋಚ್ಚ ನ್ಯಾಯಾಲಯದಲ್ಲಿ ಹಿಟ್ಲರ್ ಪ್ರಮಾಣ ಮಾಡಿ ಒಂದು ಮಾತು ಹೇಳಿದ್ದ: ನಮ್ಮ ಪಕ್ಷ ಅಧಿಕಾರಕ್ಕೆ ಬರುವುದು ಕಾನೂನಿನ ದಾರಿಯಿಂದ ಮಾತ್ರ. ಬಂದ ಮೇಲೆ ತಲೆಗಳು ಉರುಳುತ್ತವೆ ಎಂದೂ ಅದೇ ಸಾಕ್ಷ್ಯದಲ್ಲಿ ಹೇಳಿದ್ದ. ಲಿಟ್ಟೆನ್ ಈ ಪ್ರಮಾಣವನ್ನೇ ಹಿಡಿದು ಸುಮಾರು ಮೂರು ಗಂಟೆ ಪಾಟೀಸವಾಲು ಮಾಡಿದ. ಕಾನೂನಿನ ದಾರಿ ಎನ್ನುತ್ತೀರಿ, ಹಾಗಾದರೆ ನಿಮ್ಮ ಪ್ರಚಾರ ಮುಖ್ಯಸ್ಥ ಗೋಬೆಲ್ಸ್ ಬರೆದ ಪುಸ್ತಿಕೆಯಲ್ಲಿ ಕ್ರಾಂತಿಯ ಮಾತು ಏಕಿದೆ? ಅದು ಪಕ್ಷದ ಒಪ್ಪಿಗೆಯಿಂದ ಅಚ್ಚಾದದ್ದೇ, ಅಲ್ಲವೇ? ಹಿಟ್ಲರ್ ತಡವರಿಸಿದ, ಮುಖ ಕೆಂಪಾಗಿ ಕೂಗಾಡಿದ. ಅಂಥ ಹೊತ್ತಿನಲ್ಲಿ ನ್ಯಾಯಾಧೀಶರು ಪ್ರಶ್ನೆಗಳನ್ನು ತಡೆದು ಸಾಕ್ಷಿಗೆ ಆಸರೆಯಾದರು. ಆ ದಿನ ಹಿಟ್ಲರ್ ಪಾರಾದ. ಲಿಟ್ಟೆನ್ನನ ಹೆಸರನ್ನು ಮಾತ್ರ ಮರೆಯಲಿಲ್ಲ.

ನಾನು ದಕ್ಷಿಣ ಕನ್ನಡದ ತಾಲೂಕು ಕೋರ್ಟುಗಳಲ್ಲಿ ವಕೀಲಿ ಮಾಡಿದವನು. ಜಾಗದ ತಕರಾರು, ಗೇಣಿ ಚೀಟಿ, ಜಾಮೀನು ಅರ್ಜಿಗಳಲ್ಲೇ ಆಯುಷ್ಯ ಕಳೆಯಿತು. ಜರ್ಮನಿಯ ಆ ವರ್ಷಗಳ ಕತೆ ಓದುವಾಗ ಎಲ್ಲರಿಗೂ ಕಾಣುವುದು ಭಾಷಣ, ಪಂಜಿನ ಮೆರವಣಿಗೆ, ಬೂಟುಗಾಲು. ನನ್ನ ಕಣ್ಣು ಹೋಗುವುದು ಕಾಗದಗಳ ಮೇಲೆ: ಯಾವ ವಿಧಿಯಡಿ ಆದೇಶ ಹೊರಟಿತು, ಸಹಿ ಯಾರದು, ಆಕ್ಷೇಪ ಎತ್ತಬೇಕಾದವರು ಆಗ ಎಲ್ಲಿದ್ದರು? ಹೀಗೆ ಓದುತ್ತ ಹೋದರೆ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಆ ಗಣರಾಜ್ಯದ ಬಾಗಿಲನ್ನು ಹೊರಗಿನವರು ಒದ್ದು ಮುರಿಯುವ ಮೊದಲೇ ಒಳಗಿದ್ದವರು, ಅದೂ ಕಾನೂನು ಓದಿದವರು, ಅಗುಳಿಗಳನ್ನು ಒಂದೊಂದಾಗಿ ತೆಗೆದಿಟ್ಟಿದ್ದರು.

ಗಣರಾಜ್ಯ ಹುಟ್ಟಿದ್ದೇ ಸೋಲಿನ ಮಡಿಲಲ್ಲಿ. 1918ರ ನವೆಂಬರ್ 9ರಂದು ಕೈಸರ್ ಎರಡನೆಯ ವಿಲ್ಹೆಲ್ಮ್ ಪದತ್ಯಾಗ ಮಾಡಿದನೆಂಬ ಪ್ರಕಟಣೆ ಹೊರಟಿತು. ಅದೇ ದಿನ ಸಂಸತ್ ಭವನದಿಂದ ಸೋಶಿಯಲ್ ಡೆಮಾಕ್ರಾಟ್ ನಾಯಕ ಶೈಡೆಮಾನ್ ಗಣರಾಜ್ಯವನ್ನು ಸಾರಿದ. ಎರಡು ದಿನದಲ್ಲಿ ಕದನವಿರಾಮ. ಅದಕ್ಕೆ ಜರ್ಮನಿಯ ಪರ ಸಹಿ ಹಾಕಿದ್ದು ಸೇನಾಪತಿಗಳಲ್ಲ, ಎರ್ಜ್‌ಬರ್ಗರ್ ಎಂಬ ರಾಜಕಾರಣಿ. ಯುದ್ಧ ಸೋಲಿಸಿಕೊಂಡ ಸೇನಾಪತಿಗಳು ಗೌರವ ಉಳಿಸಿಕೊಂಡರು. ಸಹಿ ಹಾಕಿದವನನ್ನು 1921ರಲ್ಲಿ ಗುಂಡಿಟ್ಟು ಕೊಂದರು. ಮರುವರ್ಷ ವಿದೇಶಾಂಗ ಸಚಿವ, ಯಹೂದಿ ಮನೆತನದ ರಾಥೆನಾವ್‌ನನ್ನೂ ಬರ್ಲಿನ್ನಿನ ರಸ್ತೆಯಲ್ಲೇ ಕೊಂದರು.

1919ರ ಆಗಸ್ಟ್‌ನಲ್ಲಿ ಜಾರಿಯಾದ ವೈಮಾರ್ ಸಂವಿಧಾನ ಕೆಟ್ಟ ಸಂವಿಧಾನವಾಗಿರಲಿಲ್ಲ. ಗಂಡಸರಿಗೂ ಹೆಂಗಸರಿಗೂ ಸಮಾನ ಮತ, ವಾಕ್ ಸ್ವಾತಂತ್ರ್ಯ, ಸಂಘ ಕಟ್ಟುವ ಹಕ್ಕು, ಕಾಗದಪತ್ರಗಳ ಗುಟ್ಟಿಗೆ ರಕ್ಷಣೆ, ಎಲ್ಲವೂ ಅದರಲ್ಲಿ ಇದ್ದವು. 48ನೇ ವಿಧಿಯೂ ಇತ್ತು. ಸಾರ್ವಜನಿಕ ಶಾಂತಿಗೆ ಗಂಭೀರ ಭಂಗ ಬಂದರೆ ರಾಷ್ಟ್ರಾಧ್ಯಕ್ಷರು ತುರ್ತು ಆದೇಶ ಹೊರಡಿಸಬಹುದು, ಏಳು ಮೂಲಭೂತ ಹಕ್ಕುಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬಹುದು, ಸಂಸತ್ತು ಬೇಡ ಎಂದರೆ ಆದೇಶವನ್ನು ಹಿಂತೆಗೆದುಕೊಳ್ಳಬೇಕು. ಮೊದಲ ಅಧ್ಯಕ್ಷ ಏಬರ್ಟ್ ಇದನ್ನು ನೂರಕ್ಕೂ ಹೆಚ್ಚು ಬಾರಿ ಬಳಸಿದ, ಹೆಚ್ಚಾಗಿ ಗಣರಾಜ್ಯವನ್ನು ಉಳಿಸುವುದಕ್ಕೇ. ಹಾಗಾಗಿಯೇ ಅದರ ಬಳಕೆ ರೂಢಿಯಾಯಿತು. ರೂಢಿಯಾದ ವಿಧಿಯ ಬಗ್ಗೆ ಜನರಿಗಾಗಲೀ ಸಂಸದರಿಗಾಗಲೀ ಭಯ ಉಳಿಯಲಿಲ್ಲ.

1923ರ ಹಣದುಬ್ಬರದ ಕತೆ ನಿಮಗೆ ಗೊತ್ತೇ ಇರುತ್ತದೆ. ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಜೀವಮಾನದ ಉಳಿತಾಯ ಅಂಚೆ ಚೀಟಿಯ ಬೆಲೆಗೂ ಬಾರದಾಯಿತು. ಆದರೆ ನನ್ನನ್ನು ಹೆಚ್ಚು ಕಾಡುವುದು ಅದೇ ತಿಂಗಳು ಮ್ಯೂನಿಕ್ಕಿನಲ್ಲಿ ನಡೆದ ಬಂಡಾಯ ಮತ್ತು ಅದರ ವಿಚಾರಣೆ. ಬಂಡಾಯದಲ್ಲಿ ನಾಲ್ವರು ಪೊಲೀಸರು ಸತ್ತಿದ್ದರು. ದೇಶದ್ರೋಹದ ಆರೋಪಿ ಹಿಟ್ಲರ್ ಆಗಿನ್ನೂ ಆಸ್ಟ್ರಿಯಾದ ಪ್ರಜೆ. ಅಂಥ ಅಪರಾಧ ಮಾಡಿದ ವಿದೇಶಿಯನ್ನು ಗಡಿಪಾರು ಮಾಡಬೇಕೆಂದು ಕಾನೂನೇ ಇತ್ತು. ಇಷ್ಟು ಜರ್ಮನ್ ಭಾವನೆಯುಳ್ಳ ಮನುಷ್ಯನಿಗೆ ಆ ಕಲಂ ಅನ್ವಯಿಸದು ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಐದು ವರ್ಷದ ಶಿಕ್ಷೆಯಾಯಿತು, ಒಂಬತ್ತು ತಿಂಗಳಿಗೆಲ್ಲ ಬಿಡುಗಡೆಯೂ ಆಯಿತು.

ಇದೊಂದು ತೀರ್ಪಿನ ಮಾತಾಗಿದ್ದರೆ ಒಬ್ಬ ನ್ಯಾಯಾಧೀಶನ ತಪ್ಪು ಎನ್ನಬಹುದಿತ್ತು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗಣಿತಜ್ಞ ಗುಂಬೆಲ್ 1919ರಿಂದ 1922ರವರೆಗಿನ ರಾಜಕೀಯ ಕೊಲೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ. ಬಲಪಂಥೀಯರು ಮಾಡಿದ ಕೊಲೆ 354, ಎಡಪಂಥೀಯರು ಮಾಡಿದ್ದು 22. ಎಡದ ಕಡೆಯ ಹತ್ತು ಮಂದಿಗೆ ಮರಣದಂಡನೆಯಾಯಿತು. ಬಲದ ಕಡೆ ಒಬ್ಬರಿಗೂ ಆಗಲಿಲ್ಲ; 326 ಕೊಲೆಗಳಿಗೆ ಯಾವ ಶಿಕ್ಷೆಯೂ ಇಲ್ಲ. ನ್ಯಾಯಾಧೀಶರೆಲ್ಲ ಕೈಸರನ ಕಾಲದವರು. ಅವರ ಹುದ್ದೆಯನ್ನೂ ಸ್ವಾತಂತ್ರ್ಯವನ್ನೂ ಹೊಸ ಸಂವಿಧಾನ ಕಾಪಾಡಿತ್ತು. ಆ ಸಂವಿಧಾನವನ್ನು ಕಾಪಾಡುವ ಮನಸ್ಸು ಅವರಲ್ಲಿ ಬಹುಮಂದಿಗೆ ಇರಲಿಲ್ಲ. ಗುಂಬೆಲ್‌ನ ಲೆಕ್ಕವನ್ನು ಯಾರೂ ತಪ್ಪೆಂದು ತೋರಿಸಲಿಲ್ಲ. 1932ರಲ್ಲಿ ಅವನ ಕೆಲಸ ಹೋಯಿತು.

ನಡುವೆ ನಾಲ್ಕೈದು ವರ್ಷ ಉಸಿರಾಡುವಂಥ ಕಾಲ ಬಂದಿತ್ತು. ಸ್ಟ್ರೆಸೆಮಾನ್‌ನ ವಿದೇಶಾಂಗ ನೀತಿ, ಅಮೆರಿಕದ ಸಾಲ, ಬರ್ಲಿನ್ನಿನ ರಂಗಭೂಮಿ ಮತ್ತು ಸಿನಿಮಾ. 1928ರ ಚುನಾವಣೆಯಲ್ಲಿ ನಾತ್ಸಿಗಳಿಗೆ ಸಿಕ್ಕಿದ್ದು ಶೇ. 2.6 ಮತ, 12 ಸ್ಥಾನ. 1929ರ ಅಕ್ಟೋಬರಿನಲ್ಲಿ ಸ್ಟ್ರೆಸೆಮಾನ್ ತೀರಿಕೊಂಡ. ಅದೇ ತಿಂಗಳು ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಸಾಲ ಕೊಟ್ಟವರು ಹಣ ವಾಪಸು ಕೇಳಿದರು. 1932ರ ಆರಂಭಕ್ಕೆ ನೋಂದಾಯಿತ ನಿರುದ್ಯೋಗಿಗಳೇ 60 ಲಕ್ಷ.

ಸಂಸತ್ತು ಹಿಂದೆ ಸರಿದದ್ದು ಇಲ್ಲಿಂದ. 1930ರ ಜುಲೈನಲ್ಲಿ ಚಾನ್ಸೆಲರ್ ಬ್ರೂನಿಂಗ್‌ನ ಹಣಕಾಸು ಮಸೂದೆಯನ್ನು ಸಂಸತ್ತು ತಿರಸ್ಕರಿಸಿತು. ಅವನು ಅದನ್ನೇ 48ನೇ ವಿಧಿಯಡಿ ಅಧ್ಯಕ್ಷ ಹಿಂಡೆನ್‌ಬರ್ಗ್‌ನ ಆದೇಶವಾಗಿ ಹೊರಡಿಸಿದ. ಸಂಸತ್ತು ತನಗಿದ್ದ ಹಕ್ಕು ಬಳಸಿ ಆದೇಶವನ್ನು ರದ್ದುಮಾಡಿತು. ಆಗ ಸಂಸತ್ತನ್ನೇ ವಿಸರ್ಜಿಸಿದರು. ವಿಧಿಯೊಳಗಿದ್ದ ಏಕೈಕ ತಡೆ ಅಲ್ಲಿಗೆ ಮುಗಿಯಿತು. ಸೆಪ್ಟೆಂಬರಿನ ಚುನಾವಣೆಯಲ್ಲಿ ನಾತ್ಸಿಗಳ 12 ಸ್ಥಾನ 107 ಆಯಿತು. 1932ರಲ್ಲಂತೂ ಸಂಸತ್ತು ಪಾಸು ಮಾಡಿದ ಕಾನೂನು ಐದೇ. ಅಧ್ಯಕ್ಷರ ತುರ್ತು ಆದೇಶಗಳು ಅರವತ್ತರ ಆಸುಪಾಸು. ಅದೇ ವರ್ಷ ಜುಲೈ 20ರಂದು ಚಾನ್ಸೆಲರ್ ಫಾನ್ ಪಾಪೆನ್ ಇದೇ ವಿಧಿಯಡಿ ಪ್ರಷ್ಯಾ ರಾಜ್ಯದ ಸರ್ಕಾರವನ್ನು ಕಿತ್ತುಹಾಕಿದ. ದೇಶದ ಐದರಲ್ಲಿ ಮೂರು ಪಾಲು ಜನರಿದ್ದ ರಾಜ್ಯ ಅದು. ರಾಜ್ಯ ಸರ್ಕಾರವನ್ನು ಕೇಂದ್ರ ವಜಾ ಮಾಡುವುದೆಂದರೆ ಏನೆಂದು ಬೊಮ್ಮಾಯಿ ಪ್ರಕರಣ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಪ್ರಷ್ಯಾದವರು ಬೀದಿಗಿಳಿಯದೆ ಕೋರ್ಟಿಗೆ ಹೋದರು. ಮೂರು ತಿಂಗಳ ಮೇಲೆ ಬಂದ ತೀರ್ಪು ಇಬ್ಬರ ಕಡೆಗೂ ಅರ್ಧರ್ಧ ವಾಲಿತ್ತು. ಅಷ್ಟರಲ್ಲಿ ಪೊಲೀಸ್ ಇಲಾಖೆ ಕೈತಪ್ಪಿ ಹೋಗಿತ್ತು.

ಹಿಟ್ಲರನಿಗೆ ಬಹುಮತ ಬಂದಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1932ರ ಜುಲೈನಲ್ಲಿ ಶೇ. 37ರಷ್ಟಿದ್ದ ಮತ ನವೆಂಬರಿನಲ್ಲಿ ಶೇ. 33ಕ್ಕೆ ಇಳಿದಿತ್ತು. 1933ರ ಜನವರಿ 30ರಂದು ಅವನನ್ನು ಚಾನ್ಸೆಲರ್ ಮಾಡಿದ್ದು ಪಾಪೆನ್ ಮತ್ತು ಸಂಗಡಿಗರು ವೃದ್ಧ ಹಿಂಡೆನ್‌ಬರ್ಗ್‌ನನ್ನು ಒಪ್ಪಿಸಿದ್ದರಿಂದ. ಸಂಪುಟದಲ್ಲಿ ಹಿಟ್ಲರನನ್ನು ಬಿಟ್ಟರೆ ನಾತ್ಸಿಗಳು ಇಬ್ಬರೇ, ಅವನನ್ನು ಹದ್ದಿನಲ್ಲಿಡಬಹುದು ಎಂಬುದು ಅವರ ಲೆಕ್ಕ. ಆ ಇಬ್ಬರಲ್ಲಿ ಫ್ರಿಕ್‌ಗೆ ದೇಶದ ಗೃಹಖಾತೆ ಸಿಕ್ಕಿತು. ಗೋರಿಂಗ್‌ಗೆ ಪ್ರಷ್ಯಾದ ಪೊಲೀಸ್ ಸಿಕ್ಕಿತು. ಹಿಂದಿನ ಜುಲೈನಲ್ಲಿ ಪಾಪೆನ್ ಕಿತ್ತುಕೊಂಡಿದ್ದನಲ್ಲ, ಅದೇ ಪೊಲೀಸ್.

ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನ ಹಿಂಡೆನ್‌ಬರ್ಗ್‌ನ ಸಹಿಯೊಂದಿಗೆ 48ನೇ ವಿಧಿಯಡಿ ಆದೇಶ: ವ್ಯಕ್ತಿ ಸ್ವಾತಂತ್ರ್ಯ, ಮನೆಯ ರಕ್ಷಣೆ, ಅಂಚೆ ಗುಟ್ಟು, ವಾಕ್ ಸ್ವಾತಂತ್ರ್ಯ, ಸಭೆ, ಸಂಘ, ಆಸ್ತಿ, ಏಳೂ ಹಕ್ಕು ಮುಂದಿನ ಆದೇಶದವರೆಗೆ ಅಮಾನತು. ಆ ಮುಂದಿನ ಆದೇಶ 1945ರವರೆಗೂ ಬರಲಿಲ್ಲ. ಬೆಂಕಿಯಿಟ್ಟದ್ದಕ್ಕೆ ಹಾಲೆಂಡಿನ ವಾನ್ ಡೆರ್ ಲುಬ್ಬೆ ಸಿಕ್ಕಿಬಿದ್ದಿದ್ದ. ಆ ಅಪರಾಧಕ್ಕೆ ಅಂದು ಮರಣದಂಡನೆ ಇರಲಿಲ್ಲ. ಒಂದು ತಿಂಗಳ ಮೇಲೆ ಕಾನೂನು ಮಾಡಿ ಹಿಂದಿನ ತಾರೀಕಿನಿಂದ ಅನ್ವಯಿಸಿ ಅವನ ತಲೆ ಕಡಿದರು. ನಮ್ಮ ಸಂವಿಧಾನದ 20ನೇ ವಿಧಿಯ ಮೊದಲ ಖಂಡ ನಿಷೇಧಿಸಿರುವುದು ಇದನ್ನೇ.

ಬೆಂಕಿಯ ರಾತ್ರಿ ಬೆಳಗಾಗುವ ಮೊದಲೇ ಪೊಲೀಸರು ಪಟ್ಟಿ ಹಿಡಿದು ಮನೆಮನೆಗೆ ಹೋದರು. ಪಟ್ಟಿಯಲ್ಲಿ ಹಾನ್ಸ್ ಲಿಟ್ಟೆನ್ನನ ಹೆಸರಿತ್ತು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಐದು ವರ್ಷ ಒಂದು ಶಿಬಿರದಿಂದ ಇನ್ನೊಂದಕ್ಕೆ ಎಳೆದಾಡಿದರು, ಹಿಂಸಿಸಿದರು. ತಾಯಿ ಇರ್ಮ್‌ಗಾರ್ಡ್ ಕಂಡಕಂಡ ಅಧಿಕಾರಿಯ ಬಾಗಿಲು ಬಡಿದಳು. ಇಂಗ್ಲೆಂಡಿನ ವಕೀಲರು ಮನವಿ ಕಳಿಸಿದರು. 1938ರ ಫೆಬ್ರವರಿ 5ರಂದು ಡಾಹೌ ಶಿಬಿರದಲ್ಲಿ ಲಿಟ್ಟೆನ್ ನೇಣಿಗೆ ಕೊರಳೊಡ್ಡಿದ. ಅದೇ 1933ರ ಮಾರ್ಚಿನಲ್ಲಿ ಮ್ಯೂನಿಕ್ಕಿನ ಯಹೂದಿ ವಕೀಲ ಮೈಕೆಲ್ ಸೀಗೆಲ್ ಬಂಧನದಲ್ಲಿದ್ದ ತನ್ನ ಕಕ್ಷಿದಾರನ ಪರ ದೂರು ಕೊಡಲು ಪೊಲೀಸ್ ಕಚೇರಿಗೆ ಹೋದ. ಅವನನ್ನು ಬಡಿದು, ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿ, ಇನ್ನು ಪೊಲೀಸರ ಮೇಲೆ ದೂರುವುದಿಲ್ಲ ಎಂಬ ಫಲಕವನ್ನು ಕೊರಳಿಗೆ ಹಾಕಿ, ಬರಿಗಾಲಲ್ಲಿ ಬೀದಿ ಸುತ್ತಿಸಿದರು. ಆ ಫೋಟೋ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ವಕೀಲನಾದ ನನಗೆ ಅದನ್ನು ಕಣ್ಣು ತೆರೆದು ನೋಡುವುದು ಇಂದಿಗೂ ಕಷ್ಟ.

ಮಾರ್ಚ್ 5ರ ಚುನಾವಣೆಯಲ್ಲಿ ಇಷ್ಟೆಲ್ಲ ಬೆದರಿಕೆಯ ನಡುವೆಯೂ ನಾತ್ಸಿಗಳಿಗೆ ಬಂದದ್ದು ಶೇ. 43.9. ಸಂವಿಧಾನ ಬದಲಿಸಲು ಮೂರನೇ ಎರಡು ಭಾಗ ಬೇಕು. ಮಾರ್ಚ್ 23ರಂದು ಕ್ರೋಲ್ ಆಪೆರಾ ಭವನದಲ್ಲಿ ಸಂಸತ್ತು ಸೇರಿತು. ಒಳಗೂ ಹೊರಗೂ ಕಂದು ಅಂಗಿಯವರು. ಮಸೂದೆಗೆ ಐದೇ ಕಲಂ. ಸಂಸತ್ತಿಲ್ಲದೆ ಸಂಪುಟವೇ ಕಾನೂನು ಮಾಡಬಹುದು, ಆ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದ್ದರೂ ನಡೆಯುತ್ತದೆ, ನಾಲ್ಕು ವರ್ಷ ಇದು ಜಾರಿಯಲ್ಲಿರುತ್ತದೆ. ಹೆಸರು ಮಾತ್ರ ಜನರ ಮತ್ತು ರಾಷ್ಟ್ರದ ಸಂಕಟ ಪರಿಹಾರದ ಕಾನೂನು. ಆಯ್ಕೆಯಾಗಿದ್ದ 81 ಕಮ್ಯುನಿಸ್ಟರನ್ನು ಲೆಕ್ಕದಿಂದಲೇ ತೆಗೆದರು. ಕಾರಣ ಕೊಡದೆ ಗೈರಾದವರನ್ನು ಹಾಜರಿದ್ದಂತೆಯೇ ಎಣಿಸಬಹುದೆಂದು ಅಂದೇ ಸದನದ ನಿಯಮ ತಿದ್ದಿದರು. ಸೋಶಿಯಲ್ ಡೆಮಾಕ್ರಾಟ್ ಸದಸ್ಯ ಯೂಲಿಯಸ್ ಲೇಬರ್‌ನನ್ನು ಸದನಕ್ಕೆ ಬರುವಾಗಲೇ ಹಿಡಿದರು.

ನಿರ್ಣಾಯಕ ಮತ ಕ್ಯಾಥೊಲಿಕ್ ಸೆಂಟರ್ ಪಕ್ಷದ್ದು. ಅದರ ನಾಯಕ, ಪಾದ್ರಿ ಕಾಸ್, ಹಿಟ್ಲರನಿಂದ ಲಿಖಿತ ಭರವಸೆ ಕೇಳಿದ್ದ. ಪತ್ರ ಬರುತ್ತಿದೆ ಎಂದರು. ಪತ್ರ ಬರಲಿಲ್ಲ, ಮತ ಹಾಕಿದರು. ಲಿಬರಲ್ ಪಕ್ಷದ ಐವರು ಸದಸ್ಯರೂ ಹೌದು ಎಂದರು, ಅವರಲ್ಲಿ ಒಬ್ಬ ಥಿಯೊಡೋರ್ ಹಾಯ್ಸ್, ಯುದ್ಧಾನಂತರದ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷ. ವಿರುದ್ಧ ಮಾತನಾಡಿದವನು ಸೋಶಿಯಲ್ ಡೆಮಾಕ್ರಾಟ್ ಅಧ್ಯಕ್ಷ ಓಟೊ ವೆಲ್ಸ್ ಒಬ್ಬನೇ. ನಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ಕಿತ್ತುಕೊಳ್ಳಬಹುದು, ಮಾನವನ್ನು ಕಿತ್ತುಕೊಳ್ಳಲಾರಿರಿ ಎಂಬರ್ಥದಲ್ಲಿ ಅವನು ನುಡಿದ. ಸದನದ ತುಂಬ ಅಪಹಾಸ್ಯ. ಪರ 444, ವಿರುದ್ಧ 94. ಹಾಜರಿದ್ದ ಸೋಶಿಯಲ್ ಡೆಮಾಕ್ರಾಟರೆಲ್ಲ, ತಮ್ಮನ್ನು ಎಣಿಸುತ್ತಿರುವವರು ಯಾರೆಂದು ಗೊತ್ತಿದ್ದೂ, ಬೇಡ ಎಂದರು. ಆ 94 ಜನರ ಮುಂದೆ ನಾನು ತಲೆಬಾಗುತ್ತೇನೆ.

ಆಮೇಲಿನದು ವೇಗ. ಏಪ್ರಿಲಿನಲ್ಲಿ ಯಹೂದಿ ನೌಕರರ ವಜಾ, ಮೇ 2ಕ್ಕೆ ಕಾರ್ಮಿಕ ಸಂಘಗಳ ಕಚೇರಿಗಳಿಗೆ ಬೀಗ, ಮೇ 10ಕ್ಕೆ ಪುಸ್ತಕಗಳಿಗೆ ಬೆಂಕಿ, ಜುಲೈ 14ಕ್ಕೆ ದೇಶದಲ್ಲಿ ಒಂದೇ ಪಕ್ಷ. 1934ರ ಜೂನ್ 30ರಿಂದ ಮೂರು ದಿನ ತನ್ನವರನ್ನೂ ಹಳೆಯ ವೈರಿಗಳನ್ನೂ ಹಿಟ್ಲರ್ ಕೊಲ್ಲಿಸಿದ. ಹಿಂದಿನ ಚಾನ್ಸೆಲರ್ ಶ್ಲೈಖರ್‌ನನ್ನು ಹೆಂಡತಿಯ ಸಮೇತ ಮನೆಯಲ್ಲೇ ಗುಂಡಿಟ್ಟರು. ಜುಲೈ 3ರಂದು ಒಂದೇ ವಾಕ್ಯದ ಕಾನೂನು ಬಂತು: ನಡೆದದ್ದೆಲ್ಲ ರಾಷ್ಟ್ರದ ಆತ್ಮರಕ್ಷಣೆ, ಆದ್ದರಿಂದ ನ್ಯಾಯಸಮ್ಮತ. ದೇಶದ ಹೆಸರಾಂತ ಸಂವಿಧಾನ ಪಂಡಿತ ಕಾರ್ಲ್ ಶ್ಮಿಟ್ ಅದನ್ನು ಸಮರ್ಥಿಸಿ ಲೇಖನ ಬರೆದ. ಆಗಸ್ಟಿನಲ್ಲಿ ಹಿಂಡೆನ್‌ಬರ್ಗ್ ಸತ್ತ. ಸೈನಿಕರು ಸಂವಿಧಾನದ ಬದಲು ಹಿಟ್ಲರನ ಹೆಸರಿನಲ್ಲೇ ಪ್ರಮಾಣ ಮಾಡಿದರು.

ಜನ ಸುಮ್ಮನಿದ್ದರೇ ಎಂದರೆ, ಬಹಳ ಮಂದಿ ತೃಪ್ತರಾಗಿಯೇ ಇದ್ದರು. ಶಸ್ತ್ರಾಸ್ತ್ರ ಕಾರ್ಖಾನೆಗಳು ತೆರೆದವು, ಕೆಲಸ ಸಿಕ್ಕಿತು, ಅಗ್ಗದ ರೇಡಿಯೋ ಮನೆಗೆ ಬಂತು. ನೆರೆಯವರ ಮೇಲೆ ಗೆಸ್ಟಾಪೊಗೆ ಚಾಡಿ ಹೇಳಿದವರಲ್ಲಿ ಸಾಮಾನ್ಯರೇ ಹೆಚ್ಚು, ಬಾಡಿಗೆ ಜಗಳ, ಹಳೇ ದ್ವೇಷ, ಗಂಡಹೆಂಡಿರ ವೈಮನಸ್ಯ ಕೂಡ ಅದಕ್ಕೆ ನೆಪವಾದವು. ಆದೇಶದ ಮೇಲೆ ಆದೇಶ ಬಂದು ಒಂದು ಮನೆಯನ್ನು ಹೇಗೆ ಹಿಂಡಿತು ಎಂದು ತಿಳಿಯಬೇಕಾದವರು ಡ್ರೆಸ್ಡೆನ್ನಿನ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್‌ನ ದಿನಚರಿ ಓದಬೇಕು. ಹುಟ್ಟಿನಿಂದ ಯಹೂದಿ, ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದವನು. 1935ರಲ್ಲಿ ಹುದ್ದೆ ಹೋಯಿತು. ಆಮೇಲೆ ಗ್ರಂಥಾಲಯ, ಕಾರಿನ ಲೈಸೆನ್ಸು, ತಾನೇ ಕಟ್ಟಿದ ಮನೆ, ಟೈಪ್‌ರೈಟರು. 1941ರಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರ. 1942ರಲ್ಲಿ ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂಬ ಆಜ್ಞೆ ಬಂದು ಮನೆಯ ಬೆಕ್ಕನ್ನೂ ಕೊಲ್ಲಿಸಬೇಕಾಯಿತು. ಯಹೂದಿಯಲ್ಲದ ಹೆಂಡತಿ ಏವಾ ಅವನನ್ನು ಬಿಟ್ಟುಹೋಗದಿದ್ದರಿಂದ ಅವನ ಜೀವ ಉಳಿಯಿತು. ಅರವತ್ತು ಲಕ್ಷ ಯಹೂದಿಗಳಿಗೆ ಆ ಆಸರೆ ಇರಲಿಲ್ಲ.

ಯುದ್ಧ ಶುರುವಾದ ಮೇಲೆ ಕಾನೂನಿನ ವೇಷವೂ ಕಳಚುತ್ತ ಬಂತು. ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಂದ ಕಾರ್ಯಕ್ರಮಕ್ಕೆ ಕಾನೂನೇ ಇರಲಿಲ್ಲ. ಹಿಟ್ಲರನ ಸ್ವಂತ ಪತ್ರ ಕಾಗದದ ಮೇಲೆ, 1939ರ ಸೆಪ್ಟೆಂಬರ್ 1ರ ತಾರೀಕಿನ, ಕೆಲವೇ ಸಾಲಿನ ಒಪ್ಪಿಗೆ. 1941ರ ಆಗಸ್ಟ್ ಹೊತ್ತಿಗೆ ಸತ್ತವರು ಸುಮಾರು 70,000. ಬ್ರಾಂಡೆನ್‌ಬರ್ಗ್ ಊರಿನಲ್ಲಿ ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧೀಶ ಇದ್ದ. ಇಂಥ ರೋಗಿಗಳಿಗೆ ಪೋಷಕರನ್ನು ನೇಮಿಸಿ ಅವರ ಹಿತ ನೋಡುವುದು ಅವನ ಕೋರ್ಟಿನ ಕೆಲಸ. ತನ್ನ ಫೈಲುಗಳಲ್ಲಿದ್ದವರು ಒಬ್ಬೊಬ್ಬರಾಗಿ ಸಾಯುತ್ತಿರುವುದನ್ನು ಕಂಡು ಅವನು ನ್ಯಾಯಮಂತ್ರಿಗೆ ಬರೆದ. ಕಾರ್ಯಕ್ರಮದ ಮುಖ್ಯಸ್ಥನ ಮೇಲೆ ಕೊಲೆಯ ಫಿರ್ಯಾದು ಹಾಕಿದ. ಆಸ್ಪತ್ರೆಗಳಿಗೆ ಆದೇಶ ಕಳಿಸಿ, ತನ್ನ ಒಪ್ಪಿಗೆಯಿಲ್ಲದೆ ಯಾವ ರೋಗಿಯನ್ನೂ ಸಾಗಿಸಬಾರದೆಂದ. ಮಂತ್ರಿ ಅವನನ್ನು ಕರೆಸಿ ಹಿಟ್ಲರನ ಪತ್ರ ತೋರಿಸಿದ. ಒಬ್ಬ ಮನುಷ್ಯನ ಇಚ್ಛೆ ಕಾನೂನಾಗುವುದಿಲ್ಲ ಎಂದು ಕ್ರೈಸಿಗ್ ಹೇಳಿದ. ಹಾಗಿದ್ದರೆ ನೀವು ನ್ಯಾಯಾಧೀಶರಾಗಿರಲಾರಿರಿ ಎಂದು ಉತ್ತರ ಬಂತು. ಅವನನ್ನು ನಿವೃತ್ತಿಗೊಳಿಸಿದರು, ಹೊಲ ಮಾಡಿಕೊಂಡು ಬದುಕಿದ, ಇಬ್ಬರು ಯಹೂದಿ ಹೆಂಗಸರನ್ನು ಬಚ್ಚಿಟ್ಟು ಉಳಿಸಿದ. ಸಾವಿರಾರು ನ್ಯಾಯಾಧೀಶರಿದ್ದ ದೇಶದಲ್ಲಿ ಈ ಕೊಲೆಗಳನ್ನು ಹೀಗೆ ಎದುರಿಸಿ ನಿಂತವನು ಅವನೊಬ್ಬನೇ.

ಉಳಿದವರು ಏನು ಮಾಡಿದರು ಎಂಬುದಕ್ಕೆ ಒಂದು ದಿನದ ಕತೆ ಸಾಕು. 1943ರ ಫೆಬ್ರವರಿ 22ರ ಬೆಳಿಗ್ಗೆ ಮ್ಯೂನಿಕ್ಕಿನಲ್ಲಿ ಜನತಾ ನ್ಯಾಯಾಲಯದ ಫ್ರೈಸ್ಲರ್ ವಿಚಾರಣೆಗೆ ಕುಳಿತ. ಆರೋಪಿಗಳು ಕರಪತ್ರ ಹಂಚಿದ ವಿದ್ಯಾರ್ಥಿಗಳು: ಸೋಫಿ ಶೋಲ್, ಅವಳ ಅಣ್ಣ ಹಾನ್ಸ್, ಗೆಳೆಯ ಪ್ರೋಬ್ಸ್ಟ್. ಸೋಫಿಗೆ 21 ವರ್ಷ. ಮಧ್ಯಾಹ್ನ ತೀರ್ಪು, ಸಂಜೆ ಮೂವರ ತಲೆಯೂ ಹೋಯಿತು. ಆ ನ್ಯಾಯಾಲಯ ಕೊಟ್ಟ ಮರಣದಂಡನೆಗಳು ಒಟ್ಟು ಐದು ಸಾವಿರದಷ್ಟು.

ಸುಟ್ಟ ದೇಶದ ಮೇಲೆ 1949ರಲ್ಲಿ ಪಶ್ಚಿಮ ಜರ್ಮನಿ ಹೊಸ ಮೂಲ ಕಾನೂನು ಬರೆಯಿತು. ಅದರ 79ನೇ ವಿಧಿಯ ಮೂರನೇ ಖಂಡದ ಪ್ರಕಾರ ಮನುಷ್ಯನ ಘನತೆ, ಪ್ರಜಾಪ್ರಭುತ್ವ, ಒಕ್ಕೂಟ ಇವುಗಳ ತಿರುಳನ್ನು ಎಷ್ಟೇ ದೊಡ್ಡ ಬಹುಮತವೂ ತಿದ್ದುವಂತಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿಯ ನಮ್ಮ ಸಂವಿಧಾನ ಸಭೆಯಲ್ಲಿ ತುರ್ತು ಅಧಿಕಾರಗಳ ಚರ್ಚೆ ಬಂದಾಗ ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ವೈಮಾರ್ ಸಂವಿಧಾನವನ್ನೂ ಹಿಟ್ಲರನನ್ನೂ ಹೆಸರಿಸಿ ಎಚ್ಚರಿಸಿದರು. ಅವರ ಮಾತು ಅಂದು ನಡೆಯಲಿಲ್ಲ. 1975ರ ತುರ್ತು ಪರಿಸ್ಥಿತಿಯ ನಂತರ, 1978ರ 44ನೇ ತಿದ್ದುಪಡಿಯಲ್ಲಿ, 20 ಮತ್ತು 21ನೇ ವಿಧಿಗಳನ್ನು ಎಂದೂ ಅಮಾನತು ಮಾಡಲಾಗದು ಎಂದಾಯಿತು.

ವೈಮಾರ್‌ನ ಪಾಠ ನಮ್ಮಲ್ಲಿಗೆ ಬಂದ ಇನ್ನೊಂದು ದಾರಿಯೂ ಇದೆ. 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೈಡೆಲ್‌ಬರ್ಗಿನ ನ್ಯಾಯಶಾಸ್ತ್ರಜ್ಞ ಡೀಟರ್ ಕೊನ್ರಾಡ್ ಒಂದು ಉಪನ್ಯಾಸ ಕೊಟ್ಟ. ವೈಮಾರ್‌ನ ಅನುಭವವನ್ನು ಬೆನ್ನಿಗಿಟ್ಟುಕೊಂಡು, ಮೂರನೇ ಎರಡು ಬಹುಮತವಿದ್ದರೆ ಭಾರತದ ಸಂಸತ್ತು 21ನೇ ವಿಧಿಯನ್ನು ತಿದ್ದಿ ಕಾನೂನಿಲ್ಲದೆಯೇ ಜೀವ ತೆಗೆಯಬಹುದು ಎನ್ನಬಹುದೇ ಎಂದು ಕೇಳಿದ. ಆ ಉಪನ್ಯಾಸದ ವಾದವನ್ನು ಗೋಲಕ್‌ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟವರು ಎಂ. ಕೆ. ನಂಬಿಯಾರ್, ಮಂಗಳೂರಿನಲ್ಲಿ ವಕೀಲಿ ಮಾಡಿ ಮುಂದೆ ಮದ್ರಾಸಿಗೆ ಹೋದವರು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಏಳು-ಆರರ ಅಂತರದಿಂದ ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ತಿದ್ದಲಾಗದು ಎಂದಾಗ, ನ್ಯಾಯಮೂರ್ತಿ ಖನ್ನಾ ತಮ್ಮ ತೀರ್ಪಿನಲ್ಲಿ ಕೊನ್ರಾಡ್‌ನ ಬರಹವನ್ನು ಉಲ್ಲೇಖಿಸಿದರು. ಆ ಪ್ರಕರಣದ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ.

ನಮ್ಮ ಕಾನೂನು ಕಾಲೇಜುಗಳ ಅಧ್ಯಾಪಕರಿಗೂ ವಕೀಲರ ಸಂಘಗಳಿಗೂ ನನ್ನದೊಂದು ಕೋರಿಕೆ. ವೈಮಾರ್‌ನ 48ನೇ ವಿಧಿ, 1933ರ ಫೆಬ್ರವರಿ 28ರ ಆದೇಶ, ಮಾರ್ಚ್ 23ರ ಐದು ಕಲಮಿನ ಕಾನೂನು, ಈ ಮೂರನ್ನೂ ಓಟೊ ವೆಲ್ಸ್‌ನ ಭಾಷಣದೊಂದಿಗೆ ಕನ್ನಡಕ್ಕೆ ತಂದು ಮೊದಲ ವರ್ಷದ ವಿದ್ಯಾರ್ಥಿಗಳ ಕೈಗೆ ಕೊಡಿ. ಎಲ್ಲ ಸೇರಿ ಹೆಚ್ಚು ಪುಟಗಳಾಗುವುದಿಲ್ಲ. ಕೇಶವಾನಂದ ಭಾರತಿ ತೀರ್ಪನ್ನು ಅದಾದ ಮೇಲೆ ಓದಿಸಿ.